ತಾವಾಗಿಯೇ ಏಳುವವರ ಪಟ್ಟಿ

ನಕ್ಷಾ ಮಾಸ್ತರರ ಮಣ್ಣಿಗೆ ಹೋದ ದಿನ ಬನಹಟ್ಟಿಯ ಅವರ ಓಣಿಯ ಮಗ್ಗಗಳು ಸುಮಾರು ಹೊತ್ತು ನಿಂತಿದ್ದವು. ಅವರಿಗಾಗಿ ನಿಲ್ಲಿಸಿದ್ದರೋ, ಕರೆಂಟು ಹೋಗಿತ್ತೋ, ನಾನು ಕೇಳಲಿಲ್ಲ. ಮಾಸ್ತರರನ್ನೇ ಕೇಳಿದ್ದರೆ "ಕರೆಂಟ ಹೋಗಿರಬೇಕ ತಂಗಿ, ನನಗ್ಯಾಕ ನಿಲ್ಲಸ್ತಾರ" ಎನ್ನುತ್ತಿದ್ದರು. ಪಕ್ಕದಲ್ಲಿ ನಿಂತಿದ್ದ ವಯಸ್ಸಾದ ನೇಕಾರರೊಬ್ಬರು ಟವೆಲಿನಿಂದ ಮುಖ ಒರೆಸಿಕೊಂಡು ನನಗೆ ಹೇಳಿದರು:

"ಆ ಮಷೀನ ಒಂದ ಕೈ ಕೊಡದಿದ್ರ, ನಮ್ಮ ಹಳೇ ಸೀರಿ ದಡಿ ಅಷ್ಟೂ ಉಳೀತಿದ್ದು ನೋಡ್ರಿ ಅಕ್ಕಾರ."

ನಾನು ಹೌದೆಂದು ಗೋಣು ಹಾಕಿದೆ. ಗೋಣು ಹಾಕಿದ ನಾಚಿಕೆ ಇನ್ನೂ ಹೋಗಿಲ್ಲ. ಮಷೀನು, ಅಂದರೆ ನಮ್ಮ ಕಚೇರಿಯ ಕಂಪ್ಯೂಟರ್, ಕೆಟ್ಟದ್ದು ನಿಜ. ಆದರೆ ಮಷೀನು ಒಂದಿಲ್ಲೊಂದು ದಿನ ಕೆಡುತ್ತದೆಂದು ಮಾಸ್ತರರಿಗೆ ಮೊದಲೇ ಗೊತ್ತಿತ್ತು, ಅದಕ್ಕೊಂದು ಏರ್ಪಾಡನ್ನೂ ಅವರು ಮಾಡಿಟ್ಟಿದ್ದರು. ಆ ಏರ್ಪಾಡನ್ನು ಕಿತ್ತು ಹಾಕಿದವಳು ನಾನು. ಅವರೇ ಕಲಿಸಿದ ರೀತಿಯಲ್ಲಿ, ಅವರು ಹಾಕಿದ ನಿಯಮದ ಪ್ರಕಾರವೇ ಕಿತ್ತು ಹಾಕಿದೆ. ಇದನ್ನು ಬರೆಯುವುದರಿಂದ ಯಾರಿಗೂ ಏನೂ ಆಗಬೇಕಾದ್ದಿಲ್ಲ. ಆದರೂ ಅವರ ಬಗ್ಗೆ ಬರೆಯಬೇಕೆಂದರೆ ಇದನ್ನು ಬಿಟ್ಟು ಬರೆಯಲು ಬರುವುದಿಲ್ಲ.

ನಾನು ಮುಧೋಳದವಳು. ಮಹಾಲಿಂಗಪುರದ ಮೇಲೆ ಬಸ್ಸು ಹಿಡಿದು ದಿನಾ ಬನಹಟ್ಟಿಗೆ ಬರುತ್ತೇನೆ. ಇಲ್ಲಿಯ ನೇಕಾರರ ಒಂದು ಸಂಘದ ಕಚೇರಿಯಲ್ಲಿ ಕಂಪ್ಯೂಟರ್ ಕೆಲಸ. ಕೆಲಸಕ್ಕೆ ಸೇರಿದ ಮೊದಲ ದಿನ ಕಾರ್ಯದರ್ಶಿಗಳು ನನ್ನನ್ನು ಹಿಂದಿನ ಕೋಣೆಗೆ ಕರೆದುಕೊಂಡು ಹೋಗಿ "ಇವರು ನಮ್ಮ ನಕ್ಷಾ ಮಾಸ್ತರ. ಇವರು ಹೇಳಿದಂಗ ಕೇಳ" ಎಂದು ಬಿಟ್ಟು ಹೋದರು. ಬಿಳಿ ಪಾಯಿಜಾಮ, ಮೊಣಕೈವರೆಗೆ ಮಡಚಿದ ಅಂಗಿ, ಕೊರಳಿಗೆ ದಾರ ಕಟ್ಟಿ ಇಳಿಬಿಟ್ಟ ಭೂತಗನ್ನಡಿ. ತಲೆ ಎತ್ತದೆ ಕೇಳಿದರು:

"ಯಾರು ಕರದ್ರ ನಿನ್ನ?"

"ಕಾರ್ಯದರ್ಶಿಗಳ್ರಿ."

"ಯಾತಕ್ಕ?"

"ಕೆಲಸಕ್ರಿ."

"ನೀ ನಾಳಿಂದ ಬರಲಿಲ್ಲಂದ್ರ ಇಲ್ಲಿ ಏನರ ನಿಂದರತೈತೇನ?"

ನನಗೆ ಅಳು ಬಂದಿತ್ತು. ಆಮೇಲೆ ತಿಳಿಯಿತು, ಈ ಮೂರು ಪ್ರಶ್ನೆಗಳನ್ನು ಅವರು ಎಲ್ಲರಿಗೂ ಕೇಳುತ್ತಿದ್ದರು. ಕಚೇರಿಯ ಕಟ್ಟೆಯ ಮೇಲೆ ಬೆಳಗಿನಿಂದ ಪೇಪರು ಓದುತ್ತ ಕೂರುವ ಮೂರು ನಾಲ್ಕು ಮಂದಿ ಇರುತ್ತಿದ್ದರಲ್ಲ, ಅವರಿಗೆ ದಿನಾ ಕೇಳುತ್ತಿದ್ದರು. ಯಾರೂ ಸಿಟ್ಟಾಗುತ್ತಿರಲಿಲ್ಲ, ಏಳುತ್ತಲೂ ಇರಲಿಲ್ಲ. ಒಮ್ಮೆ ರಬಕವಿಯಲ್ಲಿ ಯಾವುದೋ ಮದುವೆಯ ಅಡುಗೆ ಮನೆಗೆ ಹೋಗಿ, ಸುಮ್ಮನೆ ಕೂತು ಚಹಾ ಕುಡಿಯುತ್ತಿದ್ದವರನ್ನೆಲ್ಲ ಸಾಲಾಗಿ ಇದೇ ಮೂರು ಪ್ರಶ್ನೆ ಕೇಳಿ, ಕೊನೆಗೆ ಮದುವೆ ಗಂಡಿನ ಸೋದರಮಾವನನ್ನೇ ಎಬ್ಬಿಸಿ ಕಳಿಸಿದ್ದರಂತೆ. ಈ ಕಥೆಯನ್ನು ಅವರೇ ಹೇಳಿ ಅವರೇ ನಗುತ್ತಿದ್ದರು.

ಅವರಿಗೆ ಈ ಚಾಳಿ ಅಂಟಿದ್ದು ಕಂಪ್ಯೂಟರಿನಿಂದ.

ಮೊದಲು ಅವರು ಕೈಯಿಂದ ನಕ್ಷೆ ಬರೆಯುವವರು. ಚೌಕಳಿ ಹಾಳೆಯ ಮೇಲೆ ಒಂದೊಂದು ಚೌಕಕ್ಕೆ ಒಂದೊಂದು ಎಳೆ ಎಂದು ಬಣ್ಣ ತುಂಬಿ, ಅದನ್ನು ನೋಡಿ ಉದ್ದನೆಯ ರಟ್ಟುಗಳಿಗೆ ತೂತು ಹೊಡೆದು, ಆ ರಟ್ಟುಗಳ ಮಾಲೆಯನ್ನು ಮಗ್ಗದ ಮೇಲೆ ಏರಿಸಿದರೆ ಸೀರೆಯ ದಡಿಯಲ್ಲಿ, ಅಂದರೆ ಅಂಚಿನಲ್ಲಿ, ಆ ನಕ್ಷೆ ಮೂಡುತ್ತಿತ್ತು. ಆಮೇಲೆ ರಟ್ಟು ಬೇಡದ ಮಗ್ಗಗಳು ಬಂದವು. ನಕ್ಷೆಯನ್ನು ಕಂಪ್ಯೂಟರಿನಲ್ಲಿ ಬರೆದು ಪೆನ್ ಡ್ರೈವಿಗೆ ಹಾಕಿ ಮಗ್ಗಕ್ಕೆ ಚುಚ್ಚಿದರಾಯಿತು. ಐವತ್ತು ದಾಟಿದ ಮೇಲೆ ಮಾಸ್ತರರು ಮೌಸ್ ಹಿಡಿದರು. ಸಂಘದವರು ಕೊಟ್ಟದ್ದು ಯಾರೋ ಬಳಸಿ ಬಿಟ್ಟ ಹಳೆಯ ಕಂಪ್ಯೂಟರ್. ಅದಕ್ಕೆ ಹೊಸ ವಿಂಡೋಸ್ ಹೊರುವ ಶಕ್ತಿ ಇರಲಿಲ್ಲ. ಜಮಖಂಡಿಯ ಕಾಲೇಜಿನ ಒಬ್ಬ ಉಪನ್ಯಾಸಕರು ಬಂದು ಅದರ ಬದಲು ಲಿನಕ್ಸ್ ಹಾಕಿಕೊಟ್ಟರು. ಇದನ್ನು ಬಿಚ್ಚಿ ನೋಡಲು ಯಾರ ಅಪ್ಪಣೆಯೂ ಬೇಕಿಲ್ಲ ಎಂದು ಅವರು ಹೇಳಿದ್ದೇ ತಡ, ಮಾಸ್ತರರು ಬಿಚ್ಚಲು ಕುಳಿತರು.

ಬಿಚ್ಚಲು ಕಾರಣವೂ ಇತ್ತು. ನಮ್ಮಲ್ಲಿ ಕರೆಂಟು ದಿನಕ್ಕೆ ನಾಲ್ಕೈದು ಸಲ ಹೋಗುತ್ತದೆ. ಯುಪಿಎಸ್‌ನ ಬ್ಯಾಟರಿ ಯಾವಾಗಲೋ ಸತ್ತಿತ್ತು. ಪ್ರತಿ ಸಲ ಕರೆಂಟು ಬಂದಾಗ ಕಂಪ್ಯೂಟರ್ ಮೊದಲಿನಿಂದ ಏಳಬೇಕು. ಹಾಗೆ ಎದ್ದು, ಪರದೆ ಬಂದು, ಮೌಸು ಮಾತು ಕೇಳುವ ಹೊತ್ತಿಗೆ ಹೊರಗೆ ಮಗ್ಗದವರು ಪೆನ್ ಡ್ರೈವಿಗಾಗಿ ಕಾದು ಕಾದು ಬೈಯತೊಡಗುತ್ತಿದ್ದರು. ಇದು ಇಷ್ಟು ಹೊತ್ತು ಒಳಗೆ ಏನು ಮಾಡುತ್ತದೆ ಎಂಬುದು ಮಾಸ್ತರರನ್ನು ಕಾಡಿತು. ನಾವು ಕೇಳದೆಯೇ, ನಮ್ಮ ಬೆನ್ನ ಹಿಂದೆ, ಅದರೊಂದಿಗೆ ಹತ್ತಾರು ಪ್ರೋಗ್ರಾಂಗಳು ತಾವಾಗಿಯೇ ಎದ್ದು ಕೂರುತ್ತವೆ ಎಂದು ತಿಳಿದಾಗ ಅವರಿಗೆ ಆದದ್ದು ಆಶ್ಚರ್ಯವಲ್ಲ, ಸಿಟ್ಟು.

"ಇಲ್ಲಿ ನೋಡ ತಂಗಿ," ಎಂದು ನನಗೆ ಮೊದಲ ಪಾಠ ಹೇಳಿದರು. "ಇದು ಸ್ಟಾರ್ಟಪ್ ಅನ್ನೂ ಕಿಡಕಿ. ಇದರಾಗ ಎಷ್ಟ ಕಾಣತಾವ?"

"ಆರ್ರಿ."

"ಸುಳ್ಳ. ಇಪ್ಪತ್ತಮೂರ ಅದಾವ."

ಕಿಟಕಿಯಲ್ಲಿ ಕಾಣುವವು ನಾವು ಲಾಗಿನ್ ಆದ ಮೇಲೆ ಏಳುವವು, ಅದೂ ಕೆಲವು ಮಾತ್ರ. ಎಲ್ಲರಿಗೂ ಸೇರಿದ ಇನ್ನೊಂದು ಫೋಲ್ಡರ್ ಬೇರೆ ಕಡೆ ಇರುತ್ತದೆ. ಅಲ್ಲಿಯ ಎಷ್ಟೋ ಫೈಲುಗಳಲ್ಲಿ "ನನ್ನನ್ನು ಪಟ್ಟಿಯಲ್ಲಿ ತೋರಿಸಬೇಡ" ಎಂಬ ಒಂದು ಸಾಲು ಬರೆದಿರುತ್ತದೆ. ಇವೆರಡರ ಕೆಳಗೆ, ಯಾರೂ ಲಾಗಿನ್ ಆಗುವ ಮೊದಲೇ ಏಳುವ ಮೂರನೆಯ ಗುಂಪು ಇದೆ. ಮೂರೂ ಕಡೆ ನೋಡದೆ ನಮ್ಮ ಕಂಪ್ಯೂಟರಿನಲ್ಲಿ ಏನೇನು ಏಳುತ್ತದೆ ಎಂದು ಹೇಳಬಾರದು. ಇಷ್ಟನ್ನು ಅವರು ಯಾರ ಸಹಾಯವೂ ಇಲ್ಲದೆ ಎರಡು ತಿಂಗಳಲ್ಲಿ ಹುಡುಕಿಕೊಂಡಿದ್ದರು. ಆ ತೋರಿಸಬೇಡ ಎಂಬ ಸಾಲಿನ ಮೇಲೆ ಅವರಿಗೆ ವೈಯಕ್ತಿಕ ದ್ವೇಷವಿತ್ತು.

"ಮನಿಗಿ ಬಂದ ಉಂಡ ಹೋಗಾಂವಾ, ನನ್ನ ಹೆಸರ ಯಾರಿಗೂ ಹೇಳಬ್ಯಾಡ್ರಿ ಅಂತಾನಂದ್ರ ಅವನ ಬಗ್ಗೆ ಏನ ತಿಳಕೋಬೇಕ?"

ಹಳೆಯ ಮಗ್ಗದ ತೂತು ರಟ್ಟುಗಳು ಕೋಣೆಯ ಮೂಲೆಯಲ್ಲಿ ರಾಶಿ ಬಿದ್ದಿದ್ದವು. ಮಾಸ್ತರರು ಒಂದೊಂದು ಪ್ರೋಗ್ರಾಂಗೆ ಒಂದೊಂದು ರಟ್ಟು ಮಾಡಿದರು. ತೂತಿಲ್ಲದ ಅಂಚಿನಲ್ಲಿ ಅದರ ಹೆಸರು, ಯಾರು ಇಟ್ಟರು, ಯಾಕೆ ಏಳುತ್ತದೆ, ಇಲ್ಲದಿದ್ದರೆ ಏನು ನಿಲ್ಲುತ್ತದೆ ಎಂದು ಬಾಲ್‌ಪೆನ್ನಿನಲ್ಲಿ ಬರೆದು, ದಾರದಲ್ಲಿ ಪೋಣಿಸಿ ಗೋಡೆಯ ಮೊಳೆಗೆ ತೂಗು ಹಾಕಿದ್ದರು. ಬ್ಲೂಟೂತ್‌ಗೆ ಒಂದು ರಟ್ಟು: "ಕಂಪನಿಯವರು ಇಟ್ಟದ್ದು. ನಮ್ಮಲ್ಲಿ ಬ್ಲೂಟೂತ್ ಇಲ್ಲ. ತೆಗೆದಿದೆ." ಪ್ರಿಂಟರಿಗೆ ಒಂದು: "ಬೇಕು. ಮುಟ್ಟಬಾರದು." ಕಣ್ಣು ಕಾಣದವರಿಗೆ ಪರದೆ ಓದಿ ಹೇಳುವ ಪ್ರೋಗ್ರಾಂ ಒಂದಿತ್ತು. ಅದರ ರಟ್ಟಿನ ಮೇಲೆ "ಸದ್ಯ ಬೇಡ" ಎಂದು ಬರೆದಿದ್ದರು.

ತೆಗೆಯುವುದಕ್ಕೂ ಒಂದು ರೂಢಿ. ಅನುಮಾನ ಬಂದದ್ದನ್ನು ಒಮ್ಮೆಲೆ ಅಳಿಸಬಾರದು. ಮೊದಲು ಟಿಕ್ ತೆಗೆದು ಸುಮ್ಮನಿರಬೇಕು. ಎಂಟು ದಿನ ಕಾಯಬೇಕು. ಸೋಮವಾರದಿಂದ ಸೋಮವಾರ. ಅಷ್ಟರಲ್ಲಿ ಏನಾದರೂ ನಿಂತರೆ, ಯಾರಾದರೂ ಬಂದು ಕೂಗಾಡಿದರೆ ಟಿಕ್ ವಾಪಸ್ಸು. ಯಾರೂ ಕೇಳದಿದ್ದರೆ ಅದು ಬೇಡವಾದದ್ದು, ಅಳಿಸಬಹುದು. ರಟ್ಟಿಲ್ಲದ್ದು ಯಾವುದಾದರೂ ಪಟ್ಟಿಯಲ್ಲಿ ಕಂಡರಂತೂ ಅದು ಹೊರಗಿನದು, ಅದನ್ನು ಮೊದಲು ಪರೀಕ್ಷೆಗೆ ಹಾಕಬೇಕು. ಈ ಎಂಟು ದಿನದ ಪರೀಕ್ಷೆ ಅವರಿಗೆ ಎಷ್ಟು ಇಷ್ಟವಾಗಿತ್ತೆಂದರೆ, ಒಮ್ಮೆ ಜ್ವರ ಬಂದು ವಾರ ರಜೆ ಹಾಕಿ ಬಂದವರು ಮೊದಲು ಕೇಳಿದ ಮಾತು "ಯಾರರ ಕೇಳಿದ್ರೇನ ನನ್ನ?" ಹತ್ತು ಮಂದಿ ಕೇಳಿದ್ದರು. ಅವರ ಮುಖ ಅರಳಿದ್ದನ್ನು ನಾನು ನೋಡಿದ್ದೇನೆ.

ಇದೆಲ್ಲ ಹೇಳುವಾಗ ಅವರೊಬ್ಬ ಹುಚ್ಚು ಕಂಪ್ಯೂಟರ್ ಪ್ರೇಮಿ ಎಂದು ಅನಿಸಬಹುದು. ಅಲ್ಲ. ಅವರಿಗೆ ಬೇಕಿದ್ದದ್ದು ದಡಿ. ಕೈಮಗ್ಗದ ಕಾಲದಲ್ಲಿ ಈ ಭಾಗದ ಒಂದೊಂದು ನೇಕಾರ ಮನೆಗೂ ಅದರದೇ ದಡಿ ಇತ್ತಂತೆ. ದೂರದಿಂದ ಒಂದೇ ಥರ ಕಂಡರೂ ಎಳೆಗಳ ಎಣಿಕೆ ಬೇರೆ, ತಿರುವು ಬೇರೆ. ಅದು ಯಾವ ಹಾಳೆಯ ಮೇಲೂ ಇರಲಿಲ್ಲ, ನೇಯುವವರ ತಲೆಯಲ್ಲಿತ್ತು. ಆ ತಲೆಗಳೆಲ್ಲ ಹೋಗಿದ್ದವು. ಉಳಿದದ್ದು ಟ್ರಂಕಿನ ತಳದಲ್ಲಿದ್ದ ಅಜ್ಜಿ, ಮುತ್ತಜ್ಜಿಯರ ಸೀರೆಗಳು ಮಾತ್ರ. ಮಾಸ್ತರರು ಭಾನುವಾರ ಸೈಕಲ್ ಮೋಟರ್ ತೆಗೆದುಕೊಂಡು ರಬಕವಿ, ಮಹಾಲಿಂಗಪುರ, ತೇರದಾಳ ಎಂದು ತಿರುಗಿ, ಮನೆಮನೆಯಲ್ಲಿ ಕೇಳಿ, ಸೀರೆ ಇಸಿದುಕೊಂಡು ಬರುತ್ತಿದ್ದರು. ಭೂತಗನ್ನಡಿಯ ಕೆಳಗೆ ಹೆಬ್ಬೆರಳ ಉಗುರಿನಿಂದ ಒಂದೊಂದೇ ಎಳೆ ಸರಿಸುತ್ತ ಎಣಿಸುತ್ತಿದ್ದರು. ಎಣಿಸುವಾಗ ತುಟಿ ಆಡುತ್ತಿತ್ತು, ಯಾರಾದರೂ ಮಾತಾಡಿಸಿದರೆ ಎಡಗೈ ಎತ್ತಿ ತಡೆಯುತ್ತಿದ್ದರು. ಎಣಿಸಿದ್ದನ್ನು ಕಂಪ್ಯೂಟರಿನಲ್ಲಿ ಚೌಕಕ್ಕೊಂದು ಎಳೆಯಂತೆ ತುಂಬುತ್ತಿದ್ದರು.

ಫೋಟೋ ತೆಗೆದುಕೊಂಡರಾಗದೇ ಎಂದು ನಾನೊಮ್ಮೆ ಕೇಳಿದೆ.

"ಫೋಟೋದಾಗ ಚಂದ ಕಾಣತೈತಿ ತಂಗಿ, ಎಳಿ ಎಣಸಾಕ ಬರೂದಿಲ್ಲ. ನಾ ಹೋದ ಮ್ಯಾಲೆ ಎಣಸಾವ್ರ ಯಾರ ಅದಾರ?"

ಆ ದಡಿಗಳನ್ನು ಯಾರೂ ನೇಯಲು ಕೇಳುತ್ತಿರಲಿಲ್ಲ, ಮಾರ್ಕೆಟ್ಟಿನಲ್ಲಿ ಅವು ಓಡುತ್ತಿರಲಿಲ್ಲ. ಅವು ಕಂಪ್ಯೂಟರಿನೊಳಗೆ ಇದ್ದವು, ಅಷ್ಟೇ. ಅವು ಅಲ್ಲಿ ಉಳಿಯಬೇಕು ಎಂಬುದೊಂದೇ ಅವರ ಆಸೆ. ಮನುಷ್ಯ ಇಷ್ಟು ಸಣ್ಣದನ್ನು ಬಯಸಿದರೂ ಸಿಗದಿದ್ದರೆ ಇನ್ನೇನು ಬಯಸಬೇಕೋ ನನಗೆ ತಿಳಿಯದು.

ಅವರ ಕಣ್ಣಿಗೆ ಪೊರೆ ಬಂದಿತ್ತು. ಹೇಳುತ್ತಿರಲಿಲ್ಲ, ಭೂತಗನ್ನಡಿಯನ್ನು ಮಾತ್ರ ದಪ್ಪಗೆ ಮಾಡಿಕೊಳ್ಳುತ್ತ ಹೋದರು. ಕೊನೆಗೆ ಮಗಳ ಕಾಟ ತಾಳದೆ ಜಮಖಂಡಿಯಲ್ಲಿ ಆಪರೇಷನ್ ಮಾಡಿಸಿಕೊಳ್ಳಲು ಹೋದರು. ಒಂದು ಕಣ್ಣು, ಆಮೇಲೆ ಇನ್ನೊಂದು. ಒಟ್ಟು ಐದು ವಾರ ಪರದೆ ನೋಡುವಂತಿಲ್ಲ. ಹೋಗುವಾಗ "ಮಷೀನ ನಿನ್ನ ಕೈಯಾಗ" ಎಂದು ಹೇಳಿದರು.

ನನಗೆ ಅವರಿಗೊಂದು ಖುಷಿ ಕೊಡಬೇಕೆನಿಸಿತು. ಆಗ ಕಂಪ್ಯೂಟರ್ ಬೆಳಿಗ್ಗೆ ಏಳಲು ಬಹಳ ತಡ ಮಾಡುತ್ತಿತ್ತು. ಪರದೆ ಬಂದ ಮೇಲೂ ಡಿಸ್ಕು ಕರಕರ ಎನ್ನುತ್ತ ಚಹಾ ಕುಡಿದು ಬರುವಷ್ಟು ಹೊತ್ತು ಏನನ್ನೂ ಮಾಡಗೊಡುತ್ತಿರಲಿಲ್ಲ. ನಾನು ರಟ್ಟಿನ ಮಾಲೆ ಇಳಿಸಿಕೊಂಡು, ಮೂರೂ ಕಡೆಯ ಪಟ್ಟಿ ತೆಗೆದು, ಒಂದೊಂದಾಗಿ ತಾಳೆ ನೋಡಿದೆ. ನಾಲ್ಕಕ್ಕೆ ರಟ್ಟಿರಲಿಲ್ಲ. ಒಂದು, ಎಂದೋ ಇದ್ದ ಸ್ಕ್ಯಾನರಿನದು. ಒಂದು, ಯಾರೋ ಹಾಡು ಕೇಳಲು ಹಾಕಿಕೊಂಡದ್ದು. ಇನ್ನೊಂದು ಅಪ್‌ಡೇಟ್ ಬಂತು ಅಪ್‌ಡೇಟ್ ಬಂತು ಎಂದು ನೆನಪಿಸುವಂಥದ್ದು. ನಾಲ್ಕನೆಯದಕ್ಕೆ ಹೆಸರಿನ ಜಾಗದಲ್ಲಿ ಬರೀ ಒಂದು ಚುಕ್ಕೆ ಇತ್ತು. ವಿವರದ ಜಾಗ ಖಾಲಿ. ಯಾವುದೋ ಮೂಲೆಯ ಒಂದು ಫೈಲನ್ನು ಓಡಿಸು ಎಂದಷ್ಟೇ ಬರೆದಿತ್ತು. ಆ ಫೈಲನ್ನು ತೆರೆದು ಓದಬಹುದಿತ್ತು. ಓದಲಿಲ್ಲ. ಎಂಟು ದಿನದ ಪರೀಕ್ಷೆ ಇರುವಾಗ ಓದುವ ಕಷ್ಟ ಯಾಕೆ ಎಂದುಕೊಂಡೆ. ಹೆಸರು ಹೇಳದೆ ಉಣ್ಣುವವನ ಬಗ್ಗೆ ಮಾಸ್ತರರು ಹೇಳಿದ್ದು ನೆನಪಾಗಿ ನಗುವೂ ಬಂತು.

ನಾಲ್ಕರದೂ ಟಿಕ್ ತೆಗೆದೆ. ಮರುದಿನ ಕಂಪ್ಯೂಟರ್ ಸರಕ್ಕನೆ ಎದ್ದಿತು. ಸೋಮವಾರದಿಂದ ಸೋಮವಾರದವರೆಗೆ ಕಾದೆ. ಯಾವ ಕೆಲಸವೂ ನಿಲ್ಲಲಿಲ್ಲ, ಯಾರೂ ಬಂದು ಕೇಳಲಿಲ್ಲ. ನಾಲ್ಕನ್ನೂ ಅಳಿಸಿದೆ.

ಮಾಸ್ತರರು ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಕಂಪ್ಯೂಟರ್ ಹಚ್ಚಿ, ಕುರ್ಚಿ ಎಳೆದುಕೊಂಡು ಕೂರುವಷ್ಟರಲ್ಲಿ ಅದು ತಯಾರಾಗಿತ್ತು.

"ಲಗೂ ಎದ್ದಿತಲ್ಲ. ಏನ ಮಾಡಿದಿ?"

"ರಟ್ಟಿಲ್ಲದ್ದು ನಾಕ ಇದ್ದೂರಿ. ತಗದೆ."

"ಎಂಟ ದಿನ ಕಾದೆಲ್ಲ?"

"ಕಾದೇರಿ. ಯಾರೂ ಕೇಳಲಿಲ್ಲರಿ."

"ಛಲೋ ಆತು," ಎಂದರು. ಕಟ್ಟೆಯ ಮೇಲಿನವರನ್ನು ಕರೆದು "ನೋಡ್ರಿಲೇ, ನಮ್ಮ ಹುಡುಗಿ ಮಷೀನ ಹೆಂಗ ಎಬ್ಬಸ್ಯಾಳ" ಎಂದು ತೋರಿಸಿದರು. ಅವರ ಬಾಯಿಂದ ನನಗೆ ಸಿಕ್ಕ ಹೊಗಳಿಕೆ ಅದೊಂದೇ. ನಾಲ್ಕು ಯಾವುವು ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೊಸ ಕಣ್ಣು ಬಂದ ಮೇಲೆ ಅವರು ಮೊದಲು ಮಾಡಿದ ಕೆಲಸ ತಮ್ಮ ಹಳೆಯ ನಕ್ಷೆಗಳನ್ನು ತೆರೆದು ನೋಡಿದ್ದು. ಒಂದು ಸೀರೆಯನ್ನು ಪಕ್ಕದಲ್ಲಿಟ್ಟುಕೊಂಡು ಎಣಿಸಿ, ಮತ್ತೊಮ್ಮೆ ಎಣಿಸಿದರು.

"ಇಲ್ಲಿ ಹದಿನಾರ ಎಳಿ ಅಂತ ತುಂಬೇನಿ. ಹದಿನೇಳ ಅದಾವ. ಇದು ತಪ್ಪ. ಎಲ್ಲಾ ತಪ್ಪ ಇರಬೇಕ ತಂಗಿ. ಕುರ್ಡ ಕಣ್ಣಿಂದ ಎಣಿಸೇನಿ."

ಮತ್ತೆ ಮೊದಲಿನಿಂದ ಶುರು ಮಾಡಿದರು. ಮತ್ತೆ ಮನೆಮನೆಗೆ ಹೋಗಿ ಸೀರೆ ತಂದರು. ಹನ್ನೊಂದು ತಿಂಗಳು. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಬಿದ್ದು ನನ್ನ ಬಸ್ಸು ತಡವಾದ ದಿನ ನಾನು ಬರುವ ಹೊತ್ತಿಗೆ ಅವರು ಅರ್ಧ ದಡಿ ಮುಗಿಸಿರುತ್ತಿದ್ದರು. ಇನ್ನೂರಕ್ಕೂ ಹೆಚ್ಚು ದಡಿಗಳಾದವು. ಸೀರೆ ವಾಪಸ್ಸು ಕೊಡುವಾಗ ಪ್ರತಿ ಮನೆಯಲ್ಲೂ "ಇನ್ನ ಚಿಂತಿ ಇಲ್ಲ, ಮಷೀನದಾಗ ಐತಿ" ಎಂದು ಹೇಳಿ ಬರುತ್ತಿದ್ದರಂತೆ. ನಾನು ಅವರನ್ನು ಅಷ್ಟು ಸುಖವಾಗಿ ಬೇರೆ ಯಾವಾಗಲೂ ನೋಡಿಲ್ಲ.

ಬೇಸಗೆಯ ಒಂದು ಬೆಳಿಗ್ಗೆ ಕಂಪ್ಯೂಟರ್ ಏಳಲಿಲ್ಲ. ಒಳಗೆ ಡಿಸ್ಕು ಟಕ್ ಟಕ್ ಎಂದು ಬಡಿಯಿತು, ನಿಂತಿತು. ಇಬ್ಬರೂ ಆ ಡಿಸ್ಕನ್ನು ಬಿಚ್ಚಿ ಚೀಲದಲ್ಲಿ ಹಾಕಿಕೊಂಡು ಜಮಖಂಡಿಗೆ ಹೋದೆವು. ಅಂಗಡಿಯವನು ಡಿಸ್ಕನ್ನು ಕಿವಿಗೆ ಹಿಡಿದು ನೋಡಿ ತಲೆ ಆಡಿಸಿದ. ಇದು ಹೋತು, ಏನೂ ಬರೂದಿಲ್ಲ ಎಂದ.

ವಾಪಸ್ಸು ಬರುವ ಬಸ್ಸಿನಲ್ಲಿ ನಾನು ಅಳುತ್ತಿದ್ದೆ. ಮಾಸ್ತರರು ಒಂದು ಪೊಟ್ಟಣ ಶೇಂಗಾ ಕೊಂಡು ಆರಾಮವಾಗಿ ತಿನ್ನುತ್ತ, ನನ್ನ ಕೈಗೂ ನಾಲ್ಕು ಸುರಿದರು.

"ಅಳಬ್ಯಾಡ ತಂಗಿ. ಮಷೀನಿನ ಡಬ್ಬಿಯಾಗ ಎರಡನೇ ಡಿಸ್ಕ ಒಂದ ಐತಿ. ಎಲ್ಲಾದರದೂ ನಕಲ ಅದರಾಗ ಐತಿ."

"ಯಾವಾಗ ತಗದ್ರಿ?"

"ನಾ ಎಲ್ಲಿ ತಗೀಲಿ. ತಾನ ತಗೀತೈತಿ. ದಿನಾ ಮುಂಜಾನಿ ಮಷೀನ ಏಳೂ ಮುಂದ ಹಿಂದಿನ ದಿನದ್ದೆಲ್ಲಾ ಆ ಕಡೆ ಒಯ್ದ ಹಾಕತೈತಿ. ನೀ ಬರೂಕಿಂತ ಮೊದಲ ಇಟ್ಟೇನಿ."

ನಾನು ಶೇಂಗಾ ಬಿಟ್ಟು ಅವರ ಕಡೆ ತಿರುಗಿದೆ.

"ಅದರ ಹೆಸರೇನ್ರಿ?"

"ಹೆಸರೇನ ಬಂತ, ಒಂದ ಚುಕ್ಕಿ ಇಟ್ಟೇನಿ."

"ಅದಕ ರಟ್ಟ ಯಾಕ ಮಾಡಲಿಲ್ಲರಿ?"

"ನಾ ಇಟ್ಟದ್ದು ನನಗ ಗೊತ್ತಿತ್ತಲ್ಲ," ಎಂದು ನಕ್ಕು, ಪೊಟ್ಟಣದ ಕಾಗದವನ್ನು ನೀಟಾಗಿ ಮಡಚಿ ಜೇಬಿಗೆ ಹಾಕಿಕೊಂಡರು.

ಬನಹಟ್ಟಿ ಮುಟ್ಟುವವರೆಗೆ ನಾನು ಬಾಯಿ ಬಿಡಲಿಲ್ಲ. ಬಸ್ಸಿನಲ್ಲಿಯೇ ಹೇಳಬೇಕಿತ್ತು. ಅವರ ಸಮಾಧಾನವನ್ನು ಅಲ್ಲೇ ಮುರಿಯಲು ಧೈರ್ಯ ಬರಲಿಲ್ಲ. ಅದರ ಜೊತೆಗೇ, ನಾನು ಅಳಿಸಿದ ಚುಕ್ಕೆ ಬೇರೆ ಇರಬಹುದು, ಇದು ಬೇರೆ ಇರಬಹುದು ಎಂದು ಮೂರ್ಖಳಂತೆ ಆಸೆಪಟ್ಟೆ.

ಕಾರ್ಯದರ್ಶಿಗಳ ಕಂಪ್ಯೂಟರಿಗೆ ಎರಡನೇ ಡಿಸ್ಕನ್ನು ಜೋಡಿಸಿದರು. ತೆರೆಯಿತು. ನಕ್ಷೆಗಳ ಫೋಲ್ಡರ್ ಇತ್ತು. ಎಲ್ಲ ದಡಿಗಳೂ ಸಾಲಾಗಿ ಇದ್ದವು, ಒಂದೂ ಬಿಡದೆ. ಮಾಸ್ತರರು ಒಂದನ್ನು ತೆರೆದರು. ಹದಿನಾರು ಎಳೆ. ಇನ್ನೊಂದನ್ನು ತೆರೆದರು. ಅದೂ ಹಳೆಯದೇ. ಪೊರೆ ಬಂದ ಕಣ್ಣಿನಿಂದ ಎಣಿಸಿದ ತಪ್ಪುಗಳೆಲ್ಲ ಚೊಕ್ಕವಾಗಿ ಉಳಿದಿದ್ದವು. ಕೊನೆಯ ಫೈಲಿನ ತಾರೀಖು ಅವರು ಆಪರೇಷನ್ನಿಗೆ ಹೋದ ವಾರದ್ದು. ಅವರು ಆ ತಾರೀಖಿನ ಮೇಲೆ ಬೆರಳಿಟ್ಟರು.

"ಮಾಸ್ತರ, ಆ ನಾಕರಾಗ ಚುಕ್ಕಿನೂ ಇತ್ತರಿ," ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ.

"ಎಂಟ ದಿನ ಕಾದಿದ್ದೆಲ್ಲ?"

"ಕಾದಿದ್ದೇರಿ."

"ಯಾರೂ ಕೇಳಲಿಲ್ಲಲ್ಲ."

"ಇಲ್ರಿ."

"ಅದನ್ನ ಯಾರ ಕೇಳತಾರ," ಎಂದರು. "ಮಷೀನ ಹಾಳಾಗೂ ದಿನ ಬರೂತನಾ ಅದನ್ನ ಯಾರೂ ಕೇಳೂದಿಲ್ಲ. ನಂದ ತಪ್ಪ. ನಾ ಕಲಿಸಿದ್ದ ತಪ್ಪ."

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಎದ್ದು ಹೋಗಿ ಗೋಡೆಯ ಮೊಳೆಯಿಂದ ರಟ್ಟಿನ ಮಾಲೆ ಇಳಿಸಿ, ಮೂಲೆಯ ರಾಶಿಯ ಮೇಲೆ ಇಟ್ಟರು. ಎಸೆಯಲಿಲ್ಲ, ಇಟ್ಟರು. ಅಂದಿನಿಂದ ಅವರು ಆ ಮೂರು ಪ್ರಶ್ನೆಗಳನ್ನು ಯಾರಿಗೂ ಕೇಳಿದ್ದನ್ನು ನಾನು ಕಾಣೆ. ಕಟ್ಟೆಯ ಮೇಲಿನವರೇ ಒಂದೆರಡು ಸಲ "ಯಾಕ ಮಾಸ್ತರ, ನಮ್ಮನ್ನ ಎಬ್ಬಸೂದಿಲ್ಲೇನ?" ಎಂದು ಕೆಣಕಿ ನೋಡಿದರು. ಇವರು ಕೇಳಿಸಿಕೊಳ್ಳದವರಂತೆ ಒಳಗೆ ಹೋದರು.

ಮತ್ತೆ ಎಣಿಸಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಎಣಿಸಲು ಹೋದರು. ತೇರದಾಳದ ಒಂದು ಮನೆಯಲ್ಲಿ ಸೀರೆ ಸಿಕ್ಕಿತು, ರಬಕವಿಯಲ್ಲಿ ಮೂರು ಸಿಕ್ಕವು. ಉಳಿದ ಕಡೆ ಬಹಳಷ್ಟು ಸೀರೆಗಳೇ ಇರಲಿಲ್ಲ. ಮಷೀನಿನಲ್ಲಿ ಇದೆ ಎಂದು ಮಾಸ್ತರರೇ ಹೇಳಿದ್ದರಲ್ಲ, ಇನ್ನು ಈ ಹರಕು ಸೀರೆ ಇಟ್ಟುಕೊಂಡು ಏನು ಮಾಡುವುದೆಂದು ಮಂದಿ ಓಣಿಗೆ ಬಂದ, ಪಾತ್ರೆ ಮಾರುವ ಭಾಂಡೆಯವರಿಗೆ ಕೊಟ್ಟು ಸ್ಟೀಲ್ ಡಬ್ಬಿ ತೆಗೆದುಕೊಂಡಿದ್ದರು. ಜರಿ ಇದ್ದವನ್ನು ಸುಟ್ಟು ಬೆಳ್ಳಿ ತೆಗೆಯಲು ಕೊಟ್ಟಿದ್ದರು. ಅವರನ್ನು ಬೈಯಲು ಬರುವುದಿಲ್ಲ. ಅಷ್ಟರಲ್ಲಿ ಮಾಸ್ತರರ ಕಣ್ಣು ಮತ್ತೆ ಹೋಗತೊಡಗಿತು. ಈ ಸಲ ಪೊರೆಯಲ್ಲ, ಸಕ್ಕರೆ ಕಾಯಿಲೆ ಕಣ್ಣಿನ ಹಿಂದಿನ ಪರದೆಯನ್ನು ತಿಂದಿತ್ತು. ಅದಕ್ಕೆ ಆಪರೇಷನ್ ಮಾಡಿಯೂ ಉಪಯೋಗವಿಲ್ಲ ಎಂದರು ಡಾಕ್ಟರು. ಅವರು ಮನೆಯಲ್ಲಿಯೇ ಉಳಿದರು.

ನಾನು ಹೊಸ ಡಿಸ್ಕು ಹಾಕಿಸಿ, ಮತ್ತೆ ಲಿನಕ್ಸ್ ಹಾಕಿ, ನಕಲು ತೆಗೆಯುವ ಪ್ರೋಗ್ರಾಮನ್ನೂ ಬರೆದಿಟ್ಟೆ. ಅದಕ್ಕೆ ಉದ್ದನೆಯ ಹೆಸರು, ಉದ್ದನೆಯ ವಿವರ, ರಟ್ಟು. ಒಮ್ಮೆ ಅವರ ಮನೆಗೆ ಹೋದಾಗ ಮಗಳು ನನ್ನನ್ನು ಮಂಚದ ಹತ್ತಿರ ಕೂರಿಸಿದಳು. ಅವರು ಧ್ವನಿಯಿಂದ ನನ್ನನ್ನು ಗುರುತಿಸಿ ಕೇಳಿದರು:

"ಈಗ ಏನೇನ ಏಳತಾವ ಮಷೀನದಾಗ?"

ನಾನು ಒಂದೊಂದಾಗಿ ಹೆಸರು ಹೇಳಿದೆ. ಅವರು ಹೂಂಗುಟ್ಟಿದರು.

"ನಕಲ ತಗಿಯೂದ?"

"ಏಳತೈತ್ರಿ, ದಿನಾ."

"ಎದ್ದ ಏನ ತಗೀತೈತಿ?"

ಮಗಳು ಚಹಾ ತಂದಳು, ಕುಡಿದು ಬಸ್ಸಿಗೆ ಬಂದೆ. ಅದು ನಮ್ಮ ಕೊನೆಯ ಭೇಟಿ.

ಅವರ ಮಣ್ಣಾದ ಹದಿನೈದು ದಿನಕ್ಕೆ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದರು. ಅರವತ್ತರ ಮೇಲಿನ ವಯಸ್ಸು, ಮಹಾಲಿಂಗಪುರದವರು. ಚಪ್ಪಲಿ ಹೊರಗೆ ಬಿಟ್ಟು, ಒಳಗೆ ಬಂದು, ಮಾಸ್ತರರ ಖಾಲಿ ಕುರ್ಚಿಗೆ ಕೈ ಮುಗಿದು, ಪಕ್ಕದ ಬೆಂಚಿನ ಮೇಲೆ ಕುಳಿತರು.

"ಅಕ್ಕಾರ, ನಮ್ಮವ್ವನ ಸೀರಿ ದಡಿ ಮಾಸ್ತರರ ಹಂತ್ಯಾಕ ಕೊಟ್ಟಿದ್ದೆ. ಮೊಮ್ಮಗಳ ಮದುವಿ ಐತಿ. ಆ ದಡಿದ ಒಂದ ಸೀರಿ ನೇಯಿಸಬೇಕಂತೇನಿ. ಮಷೀನ ರಿಪೇರಿ ಆತೇನ್ರಿ?"

"ರಿಪೇರಿ ಅಂದ್ರ?"

"ಮಾಸ್ತರ ಹೇಳಿದ್ರಲ್ಲ. ಮಷೀನ ಕೆಟ್ಟೈತಿ, ನಮ್ಮ ಹುಡುಗಿ ರಿಪೇರಿ ಮಾಡಾಕತ್ತಾಳ, ಆದ ಕೂಡ್ಲೆ ನಿಮ್ಮ ದಡಿ ಕೊಡತಾಳ ಅಂತ."

"ಅವ್ವಾರ ಸೀರಿ ಇಲ್ಲೇನ್ರಿ ಈಗ?"

"ಎಲ್ಲಿ ಇರತೈತ್ರಿ. ಇಲ್ಲಿ ಐತೆಲ್ಲಾ ಅಂತ ಭಾಂಡೇಕ ಹಾಕಿದೆ."

ಅವರು ನನ್ನ ಮುಖ ನೋಡಿ ಏನು ತಿಳಿದರೋ, "ಅವಸರ ಇಲ್ರಿ, ಹುಡುಕ್ರಿ. ನಾ ಕುಂತಿರತೇನಿ" ಎಂದು ಸೆರಗು ಸರಿಮಾಡಿಕೊಂಡು ಬೆಂಚಿಗೆ ಒರಗಿದರು. ನಾನು ಫೋಲ್ಡರ್ ತೆರೆದೆ. ಅವರ ತಾಯಿಯ ದಡಿ ಅಲ್ಲಿತ್ತು, ಹಳೆಯದು, ತಪ್ಪು ಎಣಿಕೆಯದು. ಅದನ್ನೇ ಕೊಟ್ಟು ಕಳಿಸಿದರೆ ಅವರಿಗೆ ಗೊತ್ತಾಗುತ್ತಲೂ ಇರಲಿಲ್ಲ, ಮೊಮ್ಮಗಳು ಉಟ್ಟು ಸಂತೋಷಪಡುತ್ತಿದ್ದಳು. ಮಾಸ್ತರರು ಆ ಒಂದು ಎಳೆಗಾಗಿ ಹನ್ನೊಂದು ತಿಂಗಳು ಕುಳಿತದ್ದು ನನಗೆ ಗೊತ್ತಿತ್ತು.

"ಇಲ್ರಿ," ಎಂದೆ. "ರಿಪೇರಿ ಆಗೂದಿಲ್ಲರಿ. ನಿಮ್ಮ ದಡಿ ಹೋತು. ಮಷೀನ ಕಳದದ್ದಲ್ಲರಿ, ನಾ ಕಳದೇನಿ."

ಅವರಿಗೆ ಅದು ಸರಿಯಾಗಿ ತಿಳಿಯಲಿಲ್ಲ. ನಾನು ಕಷ್ಟಪಟ್ಟು ಮತ್ತೊಮ್ಮೆ ಹೇಳಿದೆ. ಅವರು ಒಮ್ಮೆ ಕಂಪ್ಯೂಟರಿನ ಕಡೆ ನೋಡಿದರು. ಆಮೇಲೆ ಎದ್ದು, "ಮಾಸ್ತರ ಹಂಗ ಹೇಳಿರಲಿಲ್ಲ ನೋಡ್ರಿ" ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು.

ಮಾಸ್ತರರು ಎಷ್ಟು ಮನೆಗಳಲ್ಲಿ ಹೀಗೆ ಹೇಳಿಟ್ಟಿದ್ದಾರೋ ನನಗೆ ಗೊತ್ತಿಲ್ಲ. ಆ ವಾರ ಇನ್ನಿಬ್ಬರು ಬಂದರು. ನಿನ್ನೆ ರಬಕವಿಯಿಂದ ಒಬ್ಬರು ಫೋನ್ ಮಾಡಿ, ಮಷೀನು ರಿಪೇರಿ ಆದ ಮೇಲೆ ತಿಳಿಸಿ, ನಾವು ಕಾಯುತ್ತೇವೆ ಎಂದರು.